ಕಿಟಕಿ ದಂಡೆಯ ಲೋಟ

ಲೋಟ ಅಲ್ಲೇ ಇತ್ತು. ಮುಖ ತೊಳೆದುಕೊಂಡು ಅಡುಗೆಮನೆಗೆ ಬಂದ ಪರಶುರಾಮನ ಕಣ್ಣಿಗೆ ಮೊದಲು ಬಿದ್ದದ್ದು ಅದೇ, ಈಚೆಗೆ ದಿನವೂ ಹಾಗೇ. ಮನೆಯ ಬೇರೆ ಲೋಟಗಳೆಲ್ಲ ಸ್ಟ್ಯಾಂಡಿನಲ್ಲಿ ಬೋರಲು ಬಿದ್ದು ಒಂದಕ್ಕೊಂದು ತಾಗಿಕೊಂಡಿದ್ದರೆ ಇದೊಂದು ಕಿಟಕಿಯ ದಂಡೆಯ ಮೇಲೆ, ಬೆಳಗಿನ ಬಿಸಿಲಿನಲ್ಲಿ, ಏನೂ ತಪ್ಪು ಮಾಡದವರ ಹಾಗೆ ಕೂತಿತ್ತು. ಅಲ್ಲಿಟ್ಟವನು ಅವನೇ. ಇಡು ಎಂದು ಯಾರೂ ಹೇಳಿರಲಿಲ್ಲ, ಇಡುವಾಗ ಅವನೂ ಬಾಯಿ ಬಿಟ್ಟಿರಲಿಲ್ಲ. ಹೊನ್ನಾಳಿಯ ಆಸ್ಪತ್ರೆಯಲ್ಲಿ ಎಲ್ಲ ಬಸುರಿಯರಿಗೂ ಮಾಡುವ ಹಾಗೆ ಹೆಂಡತಿ ಅಂಬಿಕಾಳ ರಕ್ತವನ್ನೂ ಪರೀಕ್ಷೆ ಮಾಡಿದ್ದರು. ಎಚ್‌ಐವಿ ಇಲ್ಲ, ಸಿಫಿಲಿಸ್ ಇಲ್ಲ, ಆದರೆ ಹೆಪಟೈಟಿಸ್ ಬಿ ಇದೆ, ಲಿವರಿಗೆ ತಗಲುವ ಸೋಂಕು ಎಂದಿದ್ದರು. ಅವತ್ತು ಸಂಜೆ ಅವಳು ನೀರು ಕುಡಿದಿಟ್ಟ ಲೋಟವನ್ನು ಅವನು ಎರಡು ಬೆರಳಲ್ಲಿ ಎತ್ತಿ ತೊಳೆದ, ಸ್ಟ್ಯಾಂಡಿನ ಕಡೆ ಹೋದ ಕೈಯನ್ನು ತಿರುಗಿಸಿ ಕಿಟಕಿಯ ಮೇಲಿಟ್ಟ. ಯೋಚಿಸಿ ಮಾಡಿದ್ದಲ್ಲ, ಕೈಯೇ ಮಾಡಿದ ಕೆಲಸ. ಅವನು ನ್ಯಾಮತಿಯ ಪಶು ಆಸ್ಪತ್ರೆಯಲ್ಲಿ ಜಾನುವಾರು ಪರೀಕ್ಷಕ, ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರು. ಗಬ್ಬದ ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿದರೆ ಕೊರಳಿನಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು, ರೋಗವಿದೆಯೆಂದು ಬಂದರೆ 'ಬೇರೆ ಕಟ್ರಿ, ನೀರಿನ ಬಾನಿ ಬೇರೆ ಇಡ್ರಿ' ಎಂದು ರೈತರಿಗೆ ಹೇಳುವುದು ಅವನ ದಿನದ ಪಾಠ. ಆ ಪಾಠ ಕೊಟ್ಟಿಗೆಯಿಂದ ಅಡುಗೆಮನೆಗೆ ಯಾವಾಗ ನುಗ್ಗಿತೋ ಅವನಿಗೇ ತಿಳಿಯದು.

ಅಂಬಿಕಾ ಅವತ್ತು ಏನೂ ಕೇಳಲಿಲ್ಲ. ನೋಡಿದಳು, ಅಷ್ಟೆ. ಮಾರನೆಯ ದಿನದಿಂದ ಅವಳೇ ಆ ಲೋಟವನ್ನು ತೊಳೆದು ಅವಳೇ ಅಲ್ಲಿಡತೊಡಗಿದಳು, ಅವನಿಗಿಂತ ಅಚ್ಚುಕಟ್ಟಾಗಿ. ಜಗಳ ಮಾಡಿದ್ದರೆ ಅವನಿಗೆ ಬದುಕು ಸುಲಭವಾಗುತ್ತಿತ್ತು, ಎದುರು ಮಾತಾಡಿ, ತಪ್ಪಾಯಿತು ಅಂದು, ಲೋಟವನ್ನು ಎತ್ತಿ ಸ್ಟ್ಯಾಂಡಿಗೆ ಹಾಕಿಬಿಡಬಹುದಿತ್ತು. ಅವಳು ಆ ದಾರಿ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಹೇಳಿದ್ದನ್ನು ಮೊದಲ ದಿನವೇ ಒಂದೂ ಬಿಡದೆ ಅವನಿಗೆ ಹೇಳಿದ್ದಳು: ರಕ್ತದಿಂದ ಬರುತ್ತೆ, ಗಂಡ ಹೆಂಡಿರ ನಡುವೆ ಬರುತ್ತೆ, ಹೆರಿಗೆಯಲ್ಲಿ ಮಗುವಿಗೆ ಬರುತ್ತೆ. ಜೊತೆಗೆ ಉಂಡರೆ, ಕುಡಿದರೆ ಬರಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಬೇರೆ ಇದ್ದರೆ ಸಾಕು. ಅವನು ತಲೆಯಾಡಿಸಿದ್ದ. ಅವನಿಗೆ ಇದೆಲ್ಲ ಗೊತ್ತಿರದ ಸಂಗತಿಯೇ? ಒಂದು ರಾತ್ರಿ ಮಾತ್ರ, ದೀಪ ಆರಿಸುವಾಗ, ನಗುತ್ತಲೋ ಏನೋ ಹೇಳಲು ಬಾರದ ದನಿಯಲ್ಲಿ ಅಂದಿದ್ದಳು, "ಹಾಸಿಗೆಗಿಲ್ಲದ ಮಡಿ ಲೋಟಕ್ಕೆ ಯಾತಕ್ರೀ?" ಅವನು ಗೋಡೆ ಕಡೆ ತಿರುಗಿ ಮಲಗಿದ.

ಅಪ್ಪನದು ಇನ್ನೊಂದು ಬಗೆ. ಚಿಕ್ಕಹನುಮಂತಪ್ಪ ಸರ್ಕಾರಿ ಹಾಸ್ಟೆಲ್ಲಿನಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದವನು. ಊರಿನ ದೇವರುಗಳನ್ನೆಲ್ಲ ಬಿಟ್ಟು ಗೋಡೆಗೆ ಬುದ್ಧನ ಪಟ ಹಾಕಿಕೊಂಡವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಚನ್ನಗಿರಿ ಕಡೆ, ಸೂಳೆಕೆರೆ ನೀರಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದಾಗ ಊರಿನ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಕೇರಿಯವರ ಲೋಟ ಇರುತ್ತಿತ್ತಂತೆ. ಎತ್ತಿಕೊಳ್ಳಬೇಕು, ದೂರದಿಂದ ಹೊಯ್ದ ಚಾ ಕುಡಿಯಬೇಕು, ತೊಳೆದು ಮತ್ತೆ ಗೂಡಿನಲ್ಲಿ ಇಟ್ಟು ಬರಬೇಕು. ಅಪ್ಪ ಇದನ್ನು ಹೇಳುವಾಗ ಕೊನೆಯ ಮಾತಿಗೆ ಮಾತ್ರ ದನಿ ಏರುತ್ತಿತ್ತು, 'ತೊಳೆದು ಇಟ್ಟು ಬರಬೇಕಿತ್ತಪ್ಪಾ, ನಮ್ಮ ಕೈಯಾರೆ.' ಆಮೇಲೆ ಜೀವನದಲ್ಲಿ ಅವನು ಯಾವ ಹೋಟೆಲಿನಲ್ಲೂ ಚಾ ಕುಡಿಯಲಿಲ್ಲ. ಆ ಅಪ್ಪ ಹೋದ ತಿಂಗಳು ತೋಟಗಾರಿಕೆ ಸಂತೆಯಿಂದ ಸಸಿ ತಂದು, ಬಿಸಿಲಿನಲ್ಲಿ ಬಾಯಾರಿ, ನೀರು ಕುಡಿಯಲೆಂದು ಕಿಟಕಿಯ ಮೇಲಿನ ಲೋಟಕ್ಕೇ ಕೈ ಚಾಚಿದ್ದ. "ಅಪ್ಪಾ, ಅದು ಬ್ಯಾಡ. ಅದು ಅಂಬಿಕಾದು" ಅಂದುಬಿಟ್ಟ ಪರಶುರಾಮ. "ಅಂಬಿಕಾದು ಅಂದ್ರೆ?" ಎಂದು ಕೇಳಿದ ಅಪ್ಪ. ಪರಶುರಾಮ ಸ್ಟ್ಯಾಂಡಿನಿಂದ ಬೇರೆ ಲೋಟ ತೆಗೆದು ಚಾಚಿದ. ಅದನ್ನು ಮುಟ್ಟದೆ ಅಪ್ಪ ಹಿತ್ತಲಿಗೆ ಹೋಗಿ ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿದ. ಅವತ್ತಿನಿಂದ ಮನೆಯ ಯಾವ ಲೋಟವನ್ನೂ ಮುಟ್ಟಿಲ್ಲ. ಚಾ ಕೊಟ್ಟರೆ ಬಿಟ್ಟಿದ್ದೀನಿ ಅನ್ನುತ್ತಾನೆ, ನೀರಿಗೆ ಬೊಗಸೆ. ಏನಾಗಿದೆ ಎಂದು ಕೇಳಲಿಲ್ಲ, ಯಾಕೆ ಹೀಗೆ ಎಂದು ಬಯ್ಯಲೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು ಬಾಯಿ ಬಿಡದೆ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರು.

"ಹೊರಡಾಣೇನ್ರಿ?" ಅಂಬಿಕಾ ಸೀರೆಯ ಸೆರಗನ್ನು ಹೊಟ್ಟೆಯ ಮೇಲೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಭಾನುವಾರ ಸೀಮಂತದ ಕುಬುಸ, ಮುಗಿದ ಕೂಡಲೇ ಅವಳ ತವರಿನವರು ಜಗಳೂರಿಗೆ ಕರೆದುಕೊಂಡು ಹೋಗುತ್ತಾರೆ. ಹೆರಿಗೆ ಯಾವ ಆಸ್ಪತ್ರೆಯಲ್ಲಿ, ಹುಟ್ಟಿದ ಕೂಡಲೇ ಮಗುವಿಗೆ ಹಾಕುವ ಚುಚ್ಚುಮದ್ದು ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಅವಳು ಫೋನಿನಲ್ಲೇ ತಾಯಿಗೆ ಹೇಳಿ ಗೊತ್ತು ಮಾಡಿಕೊಂಡಿದ್ದಳು. ತಾಯಿಗೆ ಸೋಂಕಿನ ವಿಷಯ ಮುಚ್ಚಿಟ್ಟಿರಲಿಲ್ಲ. 'ಹಿಂಗೈತವ್ವ, ಅಳಬ್ಯಾಡ, ಅತ್ರೆ ಸೂಜಿ ಬರಲ್ಲ' ಎಂದಿದ್ದನ್ನು ಅವನು ಕೋಣೆಯಿಂದ ಕೇಳಿಸಿಕೊಂಡಿದ್ದ. ಆ ಧೈರ್ಯ ಎಲ್ಲಿಂದ ಬಂತು ಇವಳಿಗೆ? ಮದುವೆಯಾದ ಹೊಸದರಲ್ಲಿ ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದವಳು. ಇವತ್ತು ಇಲ್ಲಿನ ಕೊನೆಯ ತಪಾಸಣೆ. ಪ್ರತಿ ಸಲವೂ ಸಿಸ್ಟರ್, ಗಂಡನನ್ನೂ ಪರೀಕ್ಷೆಗೆ ಕರೆತಾ ಎಂದು ಹೇಳಿ ಕಳಿಸುತ್ತಿದ್ದರು. ಪ್ರತಿ ಸಲವೂ ಅವನಿಗೆ ಒಂದು ಹಸು ಅಡ್ಡ ಬರುತ್ತಿತ್ತು, ಕಾಲುಬಾಯಿ ಲಸಿಕೆ ಅಡ್ಡ ಬರುತ್ತಿತ್ತು. ಅವಳು ಚೀಲಕ್ಕೆ ಮಂಡಕ್ಕಿಯ ಡಬ್ಬಿ ಹಾಕಿದಳು, ನೀರಿನ ಬಾಟಲಿ ಹಾಕಿದಳು, ಆಮೇಲೆ ಕಿಟಕಿಯ ಮೇಲಿನ ಲೋಟವನ್ನೂ ಎತ್ತಿ ಹಾಕಿದಳು. ಜಿಪ್ ಎಳೆಯುತ್ತ, ತಲೆ ಎತ್ತದೆ ಕೇಳಿದಳು, "ಮಗುಗೂ ಒಂದು ಬ್ಯಾರೆ ಇಡ್ತೀರೇನ್ರಿ? ಈಗ್ಲೇ ಹೇಳ್ರಿ. ಬಾಣಂತನ ಮುಗಿಸ್ಕೊಂಡು ಬರಾಕಾ ಬ್ಯಾಡಾ ಅಂತ ನಾನೂ ಯೋಚ್ನೆ ಮಾಡ್ಬೇಕಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ನಿದ್ದೆ ಹೋದಳು. ಅಂಥ ಮಾತಾಡಿ ಇಷ್ಟು ಬೇಗ ನಿದ್ದೆ ಹೋಗುವವರನ್ನು ಕಂಡರೆ ಅವನಿಗೆ ಹೊಟ್ಟೆಕಿಚ್ಚು. ತನ್ನ ಕೈ ನೋಡಿಕೊಂಡ. ಎಷ್ಟು ದನಗಳ ರಕ್ತ ತೆಗೆದ ಕೈ, ತನ್ನ ರಕ್ತ ಕೊಡಲು ಏನು ಭಯ? ನೋವಿನದಲ್ಲ. ತನ್ನಲ್ಲೂ ಇದ್ದರೆ? ತನ್ನಿಂದಲೇ ಅವಳಿಗೆ ಹೋಗಿದ್ದರೆ? ಅವನ ಹುಡುಗತನದಲ್ಲಿ ಊರಿನ ಕ್ಷೌರದವರು ಕೇರಿಯ ತಲೆ ಮುಟ್ಟುತ್ತಿರಲಿಲ್ಲ. ದುರುಗಪ್ಪ ಅನ್ನುವ ಅಜ್ಜ ಹಬ್ಬದ ಮುಂಚೆ ಬೇವಿನ ಮರದಡಿ ಕೂತು ಹುಡುಗರ ತಲೆಯನ್ನೆಲ್ಲ ಸಾಲಾಗಿ ಬೋಳಿಸುತ್ತಿದ್ದ. ಬ್ಲೇಡು ಒಂದೇ. ಗಾಯವಾದರೆ ಒಂದಿಷ್ಟು ಸುಣ್ಣ ಒತ್ತಿ, ಬ್ಲೇಡನ್ನು ಪಂಚೆಗೆ ಒರೆಸಿಕೊಂಡು, 'ಮುಂದಿನ ಗಿರಾಕಿ ಬರ್ಲಿ' ಎಂದು ನಗಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ದುರುಗಪ್ಪಜ್ಜ ಹೊಟ್ಟೆ ಉಬ್ಬಿ, ಕಣ್ಣು ಅರಿಶಿನವಾಗಿ ಸತ್ತ. ಆಗ ಯಾರೋ ಮಾಟ ಎಂದಿದ್ದರು. ಆ ಹಳದಿ ಕಣ್ಣು ಪರಶುರಾಮನಿಗೆ ಈ ತಿಂಗಳುಗಳಲ್ಲಿ ಎಷ್ಟು ಸಲ ನೆನಪಾಗಿದೆಯೋ. ಪರೀಕ್ಷೆ ಮಾಡಿಸದಿದ್ದರೆ ರೋಗ ಅವಳದೇ, ಲೋಟ ಅವಳದೇ. ಮಾಡಿಸಿದರೆ? ಅವನು ಕಣ್ಣು ಮುಚ್ಚಿದ, ಆದರೆ ಅವನಿಗೆ ನಿದ್ದೆ ಬರಲಿಲ್ಲ. ಇವತ್ತು ತಪ್ಪಿಸಿಕೊಂಡರೆ ಅವಳು ಈ ಸೋಂಕನ್ನು ತನ್ನೊಬ್ಬಳ ತಲೆಯ ಮೇಲೆ ಹೊತ್ತು ಜಗಳೂರಿನ ಬಸ್ಸು ಹತ್ತುತ್ತಾಳೆ, ಮತ್ತೆ ಬರದೇ ಇರಬಹುದು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಗಂಡಸರ ಜಾಗ ಹೊರಗೆ, ಮರದ ಕೆಳಗೆ. ಬಸುರಿಯರ ದಿನ ಅಲ್ಲಿ ಒಂದಷ್ಟು ಗಂಡಂದಿರು ಮೊಬೈಲು ನೋಡುತ್ತ, ಹೆಣ್ಣುಮಕ್ಕಳ ವಿಷಯ ನಮಗೇನು ಗೊತ್ತು ಅನ್ನುವ ಮುಖ ಮಾಡಿಕೊಂಡು ನಿಂತಿರುತ್ತಾರೆ. ಪರಶುರಾಮ ಅವರ ಕಡೆಗೆ ಹೋಗಿ, ಮತ್ತೆ ಹಿಂದೆ ಬಂದು, ಆಪ್ತ ಸಮಾಲೋಚನೆಯ ಕೋಣೆಯ ಹೊರಗಿನ ಕಂಬದ ಮರೆಯಲ್ಲಿ ನಿಂತ. ಒಳಗೂ ಅಲ್ಲ ಹೊರಗೂ ಅಲ್ಲ. ಬೆಂಚಿನ ಮೇಲೆ ಅಂಬಿಕಾಳ ಪಕ್ಕದಲ್ಲಿ ಒಬ್ಬ ದಪ್ಪ ಹೆಂಗಸು ಕೂತಿದ್ದಳು. ಅವನು ಕಂಬಕ್ಕೆ ಇನ್ನಷ್ಟು ಒತ್ತಿಕೊಂಡ, ಗೋವಿನಕೋವಿಯ ಬಂಗಾರಮ್ಮ! ಅವಳ ಹಸು ಕಂದು ಹಾಕಿದಾಗ ರಕ್ತ ತೆಗೆದವನು ಇವನೇ. ಕೆಲಸ ಮುಗಿದ ಮೇಲೆ ಚಾ ಕೊಟ್ಟಿದ್ದಳು, ಪೇಪರ್ ಕಪ್ಪಿನಲ್ಲಿ. ಈಗ ಎಲ್ಲರ ಮನೆಯಲ್ಲೂ ಪೇಪರ್ ಕಪ್ಪೇ. ಅದು ಕೈಗೆ ಮೆತ್ತಿದ ಸಗಣಿಗೋ ತನ್ನ ಕೇರಿಗೋ ಎಂದು ಕೇಳುವ ಹಾಗಿಲ್ಲ, ಕೇಳಿದರೂ ಕಪ್ಪು ಮಾತಾಡುವುದಿಲ್ಲ. ಆಕೆಯ ಆ ಕಡೆಗೆ ಸೊಸೆ ಕಾವ್ಯಶ್ರೀ, ಇನ್ನೂ ಹುಡುಗಿಯೇ, ಮೊದಲ ಬಸುರು, ಕೈಯಲ್ಲಿ ಕರ್ಚೀಫು ಹಿಂಡುತ್ತಿದ್ದಳು. ಮಧ್ಯದಲ್ಲಿ ಅಂಬಿಕಾಳ ಡಬ್ಬಿ ತೆರೆದಿತ್ತು, ಬಂಗಾರಮ್ಮ ಅದರೊಳಗಿನ ಒಗ್ಗರಣೆ ಮಂಡಕ್ಕಿಗೆ ಕೈ ಹಾಕಿ ಮುಕ್ಕುತ್ತಿದ್ದಳು.

ಕೋಣೆಯಿಂದ ಮಮತಾ ಸಿಸ್ಟರ್ ಹೊರಬಂದು, "ಕಾವ್ಯಶ್ರೀ, ಬಾಮ್ಮ, ರಕ್ತ ಕೊಡುವಂತೆ" ಎಂದರು.

"ಇವತ್ತು ಬ್ಯಾಡ್ರಿ ಮೇಡಂ" ಎಂದಳು ಬಂಗಾರಮ್ಮ ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ. "ಮಂಗಳವಾರ ಬಸುರಿ ರಕ್ತ ಹೊರಗೆ ಕೊಡಬಾರ್ದು. ಅಲ್ದೆ ನಮ್ಮ ಮನೆತನ ಅಂಥದ್ದಲ್ಲ. ಆ ರೋಗ ಈ ರೋಗ ಅಂತ ನಮ್ಮ ಸೊಸೆಗೆ ಯಾಕೆ ನೋಡ್ಬೇಕು?"

"ಎಲ್ಲರಿಗೂ ನೋಡ್ತೀವಮ್ಮ. ಮನೆತನ ನೋಡಿ ಮಾಡೋದಲ್ಲ ಇದು."

"ನಡಿಯೇ, ಬಸ್ಸು ತಪ್ಪತೈತೆ." ಬಂಗಾರಮ್ಮ ಸೊಸೆಯ ರೆಟ್ಟೆ ಹಿಡಿದು ಎದ್ದೇಬಿಟ್ಟಳು. ಹುಡುಗಿ ಸಿಸ್ಟರ್ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು.

"ಕುಂತ್ಕಳ್ರಿ ದೊಡ್ಡವ್ವ" ಎಂದಳು ಅಂಬಿಕಾ. ದನಿ ಏರಿರಲಿಲ್ಲ, ಆದರೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. "ನಂಗೆ ಐತೆ. ಲಿವರಿನ ಸೋಂಕು. ನೋಡಿದ್ರೆ ಗೊತ್ತಾಗತೈತಾ? ಒಂದಿನ ಜ್ವರ ಬಂದಿಲ್ಲ, ಊಟ ಬಿಟ್ಟಿಲ್ಲ. ಇಲ್ಲಿ ರಕ್ತ ಕೊಟ್ಟಿದ್ದಕ್ಕೆ ಗೊತ್ತಾತು. ಹುಟ್ಟಿದ ಕೂಡ್ಲೆ ಕೂಸಿಗೆ ಸೂಜಿ ಹಾಕ್ತಾರೆ, ಅದಕ್ಕೆ ಬರ್ದಂಗೆ ತಡೀಬಹುದು ಅಂತಾರೆ. ಗೊತ್ತಾಗ್ದೆ ಹೋಗಿದ್ರೆ? ನನ್ನ ಕೈಯಾರೆ ನನ್ನ ಕೂಸಿಗೆ ಕೊಟ್ಟಂಗೆ ಆಗ್ತಿತ್ತು. ನಿಮ್ಮ ಸೊಸೆಗೆ ಇಲ್ದೆ ಇರ್ಲಿ. ಇಲ್ಲ ಅಂತ ಆದ್ರೂ ಗೊತ್ತಾಗ್ಲಿ."

ಕಂಬದ ಹಿಂದೆ ಪರಶುರಾಮ ಮರದ ಕೆಳಗಿನವರಿಗೂ ಕೇಳಿಸಿತೋ ಎಂದು ತಿರುಗಿ ನೋಡಿದ. ಹೀಗೂ ಒಬ್ಬರು ಹೇಳಬಹುದೆ? ಅವನು ಕನಸಿನಲ್ಲೂ ಮುಚ್ಚಿಕೊಂಡಿದ್ದನ್ನು ಇವಳು ಸಂತೆಯಲ್ಲಿ ಸೊಪ್ಪು ಹರವಿದ ಹಾಗೆ ಹರವಿ ಕೂತಿದ್ದಳು, ಅದೂ ಪರಿಚಯವಿಲ್ಲದ ಒಂದು ಹುಡುಗಿಗಾಗಿ. ಅವನಿಗೆ ನಾಚಿಕೆಯಾಯಿತು, ಅದರ ಜೊತೆಗೇ ಎದೆ ತುಂಬುವಷ್ಟು ಹೆಮ್ಮೆಯಾಯಿತು. ಇವಳು ನನ್ನ ಹೆಂಡತಿ ಎಂದು ಮರದ ಕೆಳಗಿನ ಗಂಡಸರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಹೇಳಲು ತನಗೆ ಯಾವ ಯೋಗ್ಯತೆ ಇದೆ ಎಂದೂ ಅನಿಸಿತು.

ಸೊಸೆಯ ರೆಟ್ಟೆ ಬಿಟ್ಟು ಮತ್ತೆ ಕೂತ ಬಂಗಾರಮ್ಮನ ಕೈ ಡಬ್ಬಿಯ ಮೇಲೆಯೇ ನಿಂತಿತ್ತು. ಬೆರಳ ತುದಿಯಲ್ಲಿ ಎರಡು ಮಂಡಕ್ಕಿ ಕಾಳು ಅಂಟಿಕೊಂಡಿದ್ದವು. ಅವನ್ನು ಬಾಯಿಗೆ ಹಾಕಿಕೊಳ್ಳುವುದೋ ಕೊಡವುವುದೋ ಅವಳಿಗೆ ತಿಳಿಯಲಿಲ್ಲ. "ನಮ್ಮ ಹಸುವಿಗೆ ಹಿಂಗೇ ಬಂದಾಗ ಡಾಕ್ಟ್ರು ಬ್ಯಾರೆ ಕಟ್ಟು, ಬ್ಯಾರೆ ಬಾನಿ ಇಡು ಅಂದಿದ್ರವ್ವ" ಎಂದಳು ಮೆಲ್ಲಗೆ.

"ಅದು ಬ್ಯಾರೆ ರೋಗ, ದೊಡ್ಡವ್ವ. ಇದು ಜತಿಗೆ ಉಂಡ್ರೆ ಬರಲ್ಲ."

"ಮನ್ಯಾಗೆ ಎಲ್ರೂ ಜತಿಗೇ ಉಣ್ತೀರೇನು? ಲೋಟ, ತಟ್ಟೆ ಎಲ್ಲ ಒಂದೇನಾ?"

ಅಂಬಿಕಾ ಬಾಟಲಿಯಿಂದ ತನ್ನ ಲೋಟಕ್ಕೆ ನೀರು ಹೊಯ್ದು, ಅರ್ಧ ಕುಡಿದು, ಪಕ್ಕದಲ್ಲಿಟ್ಟಳು. ಪರಶುರಾಮನಿಗೆ ಕಿಟಕಿಯ ದಂಡೆ ಕಂಡಿತು, ಹೊರಗೋಡೆಯ ಗೂಡು ಕಂಡಿತು, ನಲ್ಲಿಯ ಕೆಳಗೆ ಅಪ್ಪನ ಬೊಗಸೆ ಕಂಡಿತು. ಹೇಳಲಿ, ನನ್ನ ಮಾನ ಹೋಗಲಿ, ಹೇಳಲಿ ಎಂದುಕೊಂಡ. ಅವಳು ಎದುರಿನ ಹುಡುಗಿಯ ಹೊಟ್ಟೆಯನ್ನೊಮ್ಮೆ ನೋಡಿ ಅಂದಳು, "ಹ್ಞೂಂ, ದೊಡ್ಡವ್ವ. ಎಲ್ಲ ಒಂದೇ."

ಅವಳು ಸುಳ್ಳು ಹೇಳಿದ್ದಳು. ಯಾವತ್ತೂ ಸುಳ್ಳು ಹೇಳದವಳು ಅವನ ಪಾಲಿನ ಸುಳ್ಳನ್ನು ತಾನು ಹೇಳಿದ್ದಳು. ಅದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಕಂಬದ ಮರೆಯಿಂದ ಬಂದು ಬೆಂಚಿನ ಮುಂದೆ ನಿಂತ. "ಡಾಕ್ಟ್ರೇ, ನೀವು ಇಲ್ಲಿ?" ಎಂದು ಬಂಗಾರಮ್ಮ ಕಣ್ಣರಳಿಸಿದಳು. "ಈಕೆ ನಮ್ಮ ಮನೆಯಾಕೆ" ಎಂದ. ಅಂಬಿಕಾಳ ಪಕ್ಕದಲ್ಲಿ ಅರ್ಧ ನೀರಿದ್ದ ಲೋಟ, ಅದೇ ಲೋಟ. ಎತ್ತಿಕೊಂಡು, ಮೇಲಿನಿಂದ ಹೊಯ್ದುಕೊಳ್ಳದೆ, ಅಂಚಿಗೆ ತುಟಿಯಿಟ್ಟು ಕುಡಿದ. ನೀರು ಬೆಚ್ಚಗಿತ್ತು. ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಂಗಾರಮ್ಮ ಅವನನ್ನೇ ನೋಡುತ್ತಿದ್ದವಳು ಬೆರಳಿಗಂಟಿದ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು, ಸೊಸೆಯ ಬೆನ್ನಿಗೆ ಕೈಯಿಟ್ಟು ದೂಡಿದಳು. "ಹೋಗಿ ಕೊಟ್ಟು ಬಾರೇ. ಅಳಬ್ಯಾಡ. ಮಂಗಳವಾರಕ್ಕೆ ನಾನು ಹೇಳ್ಕಂತೀನಿ."

ಅಂಬಿಕಾ ಮಾತ್ರ ಕರಗಲಿಲ್ಲ. ಅವನ ಒದ್ದೆ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಅವನೊಬ್ಬನಿಗೇ ಕೇಳುವ ಹಾಗೆ ಅಂದಳು, "ನೀರು ಕುಡಿದ ಮಾತ್ರಕ್ಕೆ ದೊಡ್ಡ ಮನುಷ್ಯ ಆಗಲ್ಲ. ಒಳಗೆ ನಡೀರಿ."

ಅವನು ನಡೆದ. ಕುರ್ಚಿಯಲ್ಲಿ ಕೂತು ತೋಳು ಚಾಚಿದಾಗ, ಸಾವಿರ ಕೊರಳುಗಳ ರಕ್ತನಾಳ ಹುಡುಕಿದವನು ತನ್ನ ಮೊಣಕೈಯ ನೀಲಿ ಗೆರೆಯನ್ನು ನೋಡಲಾಗದೆ ಮುಖ ತಿರುಗಿಸಿದ. ಬಾಗಿಲಲ್ಲಿ ನಿಂತ ಅಂಬಿಕಾ, "ಬಿಗಿಯಾಗಿ ಹಿಡ್ಕಳ್ರಿ ಮೇಡಂ, ದನದ ಡಾಕ್ಟ್ರು ಒದ್ದುಬಿಟ್ಟಾರು" ಎಂದಳು. ಮಮತಾ ಸಿಸ್ಟರ್ ನಕ್ಕರು. ಅವನಿಗೂ ನಗು ಬಂತು, ನಗುವಾಗಲೇ ಸೂಜಿ ಒಳಗಿತ್ತು.

ಅರ್ಧ ಗಂಟೆಯಲ್ಲಿ ಫಲಿತಾಂಶ ಬಂತು. ಕಾವ್ಯಶ್ರೀ ಅತ್ತೆಯ ಕೈ ಹಿಡಿದು ಹಗುರಾಗಿ ಹೊರಟುಹೋದಳು. ಅವಳಿಗೆ ಏನೂ ಇರಲಿಲ್ಲ. ಆಮೇಲೆ ಸಿಸ್ಟರ್ ಇವರಿಬ್ಬರನ್ನೂ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಅವನ ಕಡೆಗೆ ತಿರುಗಿ ಕೂತರು. ಆ ಕೂರುವ ರೀತಿಯಲ್ಲೇ ಅವನಿಗೆ ತಿಳಿಯಿತು. ಹಟ್ಟಿಗಳಲ್ಲಿ ಹಸುವಿನ ಒಡೆಯನ ಮುಂದೆ ತಾನೂ ಹೀಗೇ ಕೂರುತ್ತೇನೆ. "ನಿಮಗೂ ಇದೆ ಸರ್" ಎಂದರು ಸಿಸ್ಟರ್. "ಹೆದರಬೇಡಿ. ಲಿವರ್ ಪರೀಕ್ಷೆ ಮಾಡಿಸೋಣ, ತಪ್ಪದೆ ತೋರಿಸ್ತಾ ಇರಿ. ಯಾರಿಂದ ಯಾರಿಗೆ ಬಂತು ಅಂತ ನನ್ನ ಕೇಳಬೇಡಿ, ಅದನ್ನ ಯಾರೂ ಹೇಳೋಕಾಗಲ್ಲ. ಈಗ ಮಗು ಮುಖ್ಯ." ಬೇವಿನ ಮರ, ಪಂಚೆಗೆ ಒರೆಸಿದ ಬ್ಲೇಡು, ದುರುಗಪ್ಪಜ್ಜನ ಹಳದಿ ಕಣ್ಣು, ಅವನಿಗೆ ಯಾವುದೂ ಈಗ ಭಯ ಹುಟ್ಟಿಸಲಿಲ್ಲ. ಪಾಪ ಅಜ್ಜ, ಯಾರೂ ಮುಟ್ಟದ ತಲೆಗಳನ್ನು ಪ್ರೀತಿಯಿಂದ ಮುಟ್ಟಿದವನು ಅವನೊಬ್ಬನೇ. ಪರಶುರಾಮ ಹೆಂಡತಿಯ ಕಡೆ ನೋಡಿದ. ಈಗ ಬಯ್ಯಬಹುದಿತ್ತು ಅವಳು. ಇಷ್ಟು ದಿನ ಕೂಡಿಟ್ಟಿದ್ದನ್ನೆಲ್ಲ ಒಟ್ಟಿಗೆ ಸುರಿಯಬಹುದಿತ್ತು. ಅವಳ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ಕೇಳಿದಳು, "ಹಂಗಾರೆ ಕಿಟಕಿ ಮ್ಯಾಲೆ ಇನ್ನೊಂದು ಲೋಟ ಇಡಾಣೇನ್ರಿ?"

ಅವನು ತಲೆ ತಗ್ಗಿಸಿದ. ಮೇಜಿನ ಕೆಳಗೆ ಅವಳ ಕೈ ಅವನ ಕೈಯ ಮೇಲೆ ಬಂದು ಕೂತಿತು.

ಮನೆಗೆ ಬಂದಾಗ ಅಪ್ಪ ಸಸಿಗಳಿಗೆ ಮಣ್ಣು ಏರಿಸಿ, ಕೈ ತೊಳೆದು, ನಲ್ಲಿಗೆ ಬೊಗಸೆಯೊಡ್ಡಿ ಬಗ್ಗಿದ್ದ. ಪರಶುರಾಮ ಚೀಲದಿಂದ ಲೋಟ ತೆಗೆದು, ನಲ್ಲಿಗೆ ಹಿಡಿದು ತುಂಬಿಸಿ, ಅರ್ಧ ತಾನು ಕುಡಿದ. ಅಪ್ಪ ಬೊಗಸೆ ಬಿಟ್ಟು ನೆಟ್ಟಗಾದ.

"ಅಂಬಿಕಾಗೆ ರಕ್ತದಾಗೆ ಒಂದು ಸೋಂಕು ಐತಪ್ಪಾ. ಇವತ್ತು ನೋಡಿದ್ರು, ನಂಗೂ ಐತೆ. ಕೂಸಿಗೆ ಬರ್ದಂಗೆ ಸೂಜಿ ಹಾಕ್ತಾರೆ. ಜತಿಗೆ ಉಂಡ್ರೆ, ಕುಡಿದ್ರೆ ಬರಲ್ಲ. ಅದು ನಂಗೆ ಮೊದ್ಲೇ ಗೊತ್ತಿತ್ತು, ಆದ್ರೂ ಬ್ಯಾರೆ ಇಟ್ಟೆ." ಮತ್ತೆ ಲೋಟವನ್ನು ತುಂಬಿಸಿ ಅಪ್ಪನ ಮುಂದೆ ಹಿಡಿದ.

ಅಪ್ಪ ಕೈ ಚಾಚಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದ, ಮಗನನ್ನು ನೋಡಿದ. "ಯಾರದು ಈ ಲೋಟ?" ಎಂದು ಕೇಳಿದ.

"ಮನೇದಪ್ಪಾ."

ಚಿಕ್ಕಹನುಮಂತಪ್ಪ ಲೋಟ ತೆಗೆದುಕೊಂಡು ನಿಂತಲ್ಲೇ ಪೂರ್ತಿ ಕುಡಿದ. ಆಮೇಲೆ ನಲ್ಲಿ ಪಕ್ಕದಲ್ಲೇ ಇದ್ದರೂ ಅದನ್ನು ತೊಳೆಯದೆ, ಹಾಗೇ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಉಳಿದ ಲೋಟಗಳ ನಡುವೆ ಸ್ಟ್ಯಾಂಡಿನಲ್ಲಿ ಇಟ್ಟ.